ಉಂಡ ಮನೆಯ ಕದ

ನಮ್ಮ ಊರಿನಲ್ಲಿ ಸಂಜೆ ಹಾಕಿದ ಬಾಗಿಲು ಬೆಳಿಗ್ಗೆ ಆ ಮನೆಯ ಅನ್ನ ಉಂಡ ಕೈಗೆ ತೆರೆಯುವುದಿಲ್ಲ. ಒಳಗಿನಿಂದ ಎಳೆದರೂ ಅಷ್ಟೆ, ಹೊರಗಿನಿಂದ ನೂಕಿದರೂ ಅಷ್ಟೆ. ಬೇರೆ ಮನೆಯಲ್ಲಿ ಉಣ್ಣುವ ಕೈಯೊಂದು ಸೂರ್ಯ ಹುಟ್ಟಿದ ಮೇಲೆ ಬಂದು ಹೊರಗಿನಿಂದ ಒಂದು ಸಲ ನೂಕಬೇಕು. ಆಮೇಲೆ ಸಂಜೆಯವರೆಗೆ ಅದು ಬೇರೆ ಊರುಗಳ ಬಾಗಿಲಿನ ಹಾಗೆ ಬರೀ ಬಾಗಿಲು. ಬಾಗಿಲು ಹಾಕದೆ ಮಲಗಬಾರದೇ ಎಂದು ಹೊರಗಿನವರು ದೊಡ್ಡ ಜಾಣರ ಹಾಗೆ ಕೇಳುತ್ತಾರೆ. ಮಲಗಬಹುದು. ಹಾಗೆ ಮಲಗುವವರ ಮನೆಗೆ ಯಾರೂ ಹೆಣ್ಣು ಕೊಡುವುದಿಲ್ಲ, ಅಷ್ಟೆ. ಪಕ್ಕದ ಮನೆಯವರು ತೆರೆಯಬಾರದೇ ಎಂದು ಮತ್ತೆ ಕೇಳುತ್ತಾರೆ. ಇನ್ನೊಬ್ಬರ ಬಾಗಿಲು ನೂಕುವುದು ನಮ್ಮಲ್ಲಿ ಮರ್ಯಾದಸ್ಥರು ಮಾಡುವ ಕೆಲಸವಲ್ಲ. ಮರ್ಯಾದಸ್ಥರು ತಮ್ಮ ತಮ್ಮ ಬಾಗಿಲ ಹಿಂದೆ ಉಚ್ಚೆ ಕಟ್ಟಿಕೊಂಡು ನಿಂತು ಕಾಯುತ್ತಾರೆ.

ಅವರಿಗಾಗಿಯೇ ಊರಿನಲ್ಲಿ ಕದ ಕಚೇರಿ ಇತ್ತು. ಅಲ್ಲಿ ನಾವು ಒಂಬತ್ತು ಜನ ತಿಂಗಳ ಸಂಬಳಕ್ಕಿದ್ದೆವು. ಖಾಕಿ ಅಂಗಿ, ಎದೆಗೊಂದು ಹಿತ್ತಾಳೆ ಬಿಲ್ಲೆ, ವರ್ಷಕ್ಕೊಂದು ಜೊತೆ ಚಪ್ಪಲಿ, ಸಹಿ ಹಾಕಲು ಹಾಜರಿ ಪುಸ್ತಕ. ನಾವು ಹೊರಗೆ ಬಂದು ನಿಂತ ಸದ್ದಾದರೆ ಒಳಗಿನವರು "ಬೆಳಕಾಯ್ತಾ?" ಎಂದು ಕೇಳಬೇಕು, ನಾವು "ಆಯ್ತು, ಬನ್ನಿ" ಎಂದು ನೂಕಬೇಕು. ಅದು ಪದ್ಧತಿ. ಪಾಳಿಯ ಯಾವ ಮನೆಯಲ್ಲೂ ಒಂದು ಲೋಟ ಮಜ್ಜಿಗೆ ಸಹ ಕುಡಿಯುವ ಹಾಗಿರಲಿಲ್ಲ. ಮದುವೆಗೆ ಕರೆದರೆ ಅಕ್ಷತೆ ಹಾಕಿ, ಒಗ್ಗರಣೆಯ ವಾಸನೆ ತೆಗೆದುಕೊಂಡು, ಹಸಿದ ಹೊಟ್ಟೆಯಲ್ಲಿ ವಾಪಸು ಬರುತ್ತಿದ್ದೆವು. ಒಂದು ಹೊತ್ತು ಉಂಡ ನೆಂಟನ ಕೈಗೆ ಎಂಟು ದಿನ ಆ ಬಾಗಿಲು ಬರುವುದಿಲ್ಲ. ಹುಟ್ಟಿದಾಗಿನಿಂದ ಉಂಡವರ ಲೆಕ್ಕ ಯಾರಿಗೂ ಗೊತ್ತಿಲ್ಲ. ಮದುವೆಯಾಗಿ ಹೋದ ಮಗಳು ಯಾವತ್ತೋ ಒಂದು ದಿನ ಬೆಳಗಿನ ಬಸ್ಸಿಗೆ ತವರಿಗೆ ಬಂದು ಬಾಗಿಲು ನೂಕುತ್ತಾಳೆ, ಅದು ತೆರೆದುಬಿಡುತ್ತದೆ. ಆಗ ಒಳಗೆ ನಿಂತ ತಾಯಿ ಅಳುತ್ತಾಳೆ. ಅಳುವುದೂ ಶಾಸ್ತ್ರವೇ. ಅತ್ತು ಮುಗಿಸಿ ಕಾಫಿಗೆ ನೀರಿಡುತ್ತಾರೆ.

ಬಾಗಿಲು ತೆರೆಯುವವರ ಬಾಗಿಲನ್ನು ತೆರೆಯಲು ಮರಿಯಯ್ಯ ಎಂಬ ಮುದುಕನಿದ್ದ. ಕಚೇರಿಯ ಜಗಲಿಯ ಮೇಲೆ, ಬಾಗಿಲಿಲ್ಲದ ಕಡೆ, ಮಲಗುವುದೇ ಅವನ ನೌಕರಿ. ಸೂರ್ಯ ಹುಟ್ಟಿದ ಕೂಡಲೇ ಹಾಸಿಗೆ ಸುತ್ತಿಟ್ಟು ಮೊದಲು ನಮ್ಮ ಮನೆಗೆ ಬರುತ್ತಿದ್ದ. ನಮ್ಮ ಮನೆಯೆಂದರೆ ನಾನು, ಅವ್ವ, ಹೊರಗೆ ಕೊಟ್ಟಿಗೆಯಲ್ಲಿ ಒಂದು ಎಮ್ಮೆ. ಅವನು ನೂಕಿದರೆ ನಾನು ಹೊರಗೆ ಬಂದು ಚಂದ್ರಮತಿಯ ಬಾಗಿಲು ತೆರೆಯುತ್ತಿದ್ದೆ, ಚಂದ್ರಮತಿ ಇನ್ನಿಬ್ಬರದನ್ನು, ಅವರು ಉಳಿದವರದನ್ನು. ಅರ್ಧ ಗಂಟೆಯಲ್ಲಿ ಎಲ್ಲರೂ ಬೀದಿಗಿಳಿಯುತ್ತಿದ್ದೆವು. ದಿನಕ್ಕೆ ಒಂದೇ ಒಂದು ಬಾಗಿಲು ನೂಕಿ ನನ್ನಷ್ಟೇ ಸಂಬಳ ಎಣಿಸುವ ಆ ಮುದುಕನನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಆಗ ನನಗೆ ಇಪ್ಪತ್ತಾರು ವರ್ಷ. ನಾನು ದಿನಕ್ಕೆ ಐವತ್ತು ಬಾಗಿಲು ನೂಕುತ್ತಿದ್ದೆ, ಮತ್ತು ಅದನ್ನು ದೊಡ್ಡ ವಿಷಯ ಎಂದುಕೊಂಡಿದ್ದೆ.

ಹೊಸದಾಗಿ ಬಂದ ಸಾಹೇಬರು, ಅನಂತರಾಮು, ಒಂದು ಮಧ್ಯಾಹ್ನ ನಮ್ಮೆಲ್ಲರನ್ನೂ ಕಚೇರಿಯಲ್ಲಿ ಕೂರಿಸಿಕೊಂಡರು. ಸಾಹೇಬರು ನಮಗೆ ಕುರ್ಚಿ ಕೊಟ್ಟರೆಂದರೆ ಏನೋ ಕಿತ್ತುಕೊಳ್ಳುವುದಿದೆ ಎಂದು ತಿಳಿಯುವಷ್ಟು ಬುದ್ಧಿ ನಮ್ಮಲ್ಲಿ ಯಾರಿಗಾದರೂ ಇರಬೇಕಿತ್ತು. "ಒಂದನೇ ತಾರೀಖಿನಿಂದ ನೀವು ಯಾರ ನೌಕರರೂ ಅಲ್ಲ. ನಿಮಗೆ ನೀವೇ ಯಜಮಾನರು. ಸ್ವತಂತ್ರ ಗುತ್ತಿಗೆದಾರರು. ಯಾರು ಮೊದಲು ನೂಕುತ್ತಾರೋ ಆ ಮನೆ ಅವರದ್ದು, ಮನೆಯವರು ನೇರವಾಗಿ ನಿಮಗೇ ಕೊಡುತ್ತಾರೆ. ಹಾಜರಿ ಪುಸ್ತಕ ಇಲ್ಲ, ಖಾಕಿ ಇಲ್ಲ, ನನ್ನ ಕಾಟವೂ ಇಲ್ಲ" ಎಂದು ತಾವೇ ನಕ್ಕರು.

ಚಂದ್ರಮತಿ ಕೈ ಎತ್ತಿದಳು. ಐವತ್ತು ದಾಟಿದ ಹೆಂಗಸು, ಒಂಟಿ, ಮಂಡಿ ನೋವಿನವಳು, ಬಾಯಿಗೆ ಮಾತ್ರ ಯಾವ ನೋವೂ ಇರಲಿಲ್ಲ. "ಸಾ, ಯಜಮಾನ್ರಿಗೆ ಜರ ಬಂದ್ರೆ ರಜ ಯಾರ್ನ ಕೇಳ್ಬೇಕು?"

"ನಿಮ್ಮನ್ನೇ ನೀವು ಕೇಳ್ಕೋಬೇಕಮ್ಮ."

"ನಾನು ಬಲೇ ಜಿಪುಣಿ ಸಾ. ಕೊಡಕಿಲ್ಲ."

ಎಲ್ಲರೂ ನಕ್ಕರು, ಸಾಹೇಬರೂ ನಕ್ಕರು. ನಗಿಸಿಕೊಂಡೇ ಕಾಗದ ಹಂಚಿದರು. ಪ್ರತಿ ಮನೆಗೂ ಒಂದು ಸೀಮೆಸುಣ್ಣ ಕೊಡುತ್ತಾರಂತೆ. ಬಾಗಿಲು ತೆರೆದ ರೀತಿ ಹಿಡಿಸಿದರೆ ಮನೆಯವರು ಚೌಕಟ್ಟಿನ ಮೇಲೆ ಐದು ಗೆರೆ ಎಳೆಯಬೇಕು, ಹಿಡಿಸದಿದ್ದರೆ ನಾಲ್ಕು, ಮೂರು, ಅವರ ಇಷ್ಟ. ತಿಂಗಳ ಕೊನೆಗೆ ಗೆರೆ ಕಡಿಮೆ ಬಿದ್ದವರ ಗುತ್ತಿಗೆ ಹೋಗುತ್ತದೆ. ಕಾಗದದ ಹನ್ನೊಂದನೆಯ ಕಲಮಿನಲ್ಲಿ, ಗುತ್ತಿಗೆದಾರನು ಕೆಲಸದ ಸ್ಥಳಕ್ಕೆ ತನ್ನ ಸ್ವಂತ ಏರ್ಪಾಡಿನಲ್ಲಿ ಬಂದು ಸೇರತಕ್ಕದ್ದು ಎಂದಿತ್ತು. ಇನ್ನು ಮೇಲೆ ಚಪ್ಪಲಿ ಕೊಡುವುದಿಲ್ಲ ಎಂದು ಅದರ ಅರ್ಥ ಮಾಡಿಕೊಂಡು ಎಲ್ಲರಿಗಿಂತ ಮೊದಲು ಸಹಿ ಹಾಕಿದವನು ನಾನು.

ಮರಿಯಯ್ಯ ಕೊನೆಯಲ್ಲಿ ಎದ್ದು ನಿಂತ. "ನಂಗ್ಯಾವ್ ಬೀದಿ ಸಾ?"

"ನೀನು ದಿನಾ ನೂಕೋದು ಒಂದೇ ಬಾಗಿಲು. ಮಲಗೋದಕ್ಕೆಲ್ಲ ಗುತ್ತಿಗೆ ಕೊಡೋಕಾಗಲ್ಲ ಮರಿಯಯ್ಯ. ಜಗಲೀನ ಟೀ ಅಂಗಡಿಗೆ ಕೊಟ್ಟಾಯ್ತು."

ಆಗಲೂ ನಕ್ಕೆವು. ಎಲ್ಲರಿಗಿಂತ ಜೋರಾಗಿ ನಕ್ಕವನೂ ನಾನೇ.

ಅವನು ಮಗಳ ಊರಿಗೆ ಹೊರಟ ದಿನ ಹಾಸಿಗೆ ಸುರುಳಿಯನ್ನು ಕಂಕುಳಲ್ಲಿಟ್ಟುಕೊಂಡು ನಮ್ಮ ಮನೆಗೆ ಬಂದ. ಹನ್ನೊಂದು ವರ್ಷ ಬೆಳಿಗ್ಗೆ ಬಂದು ಹೊಸ್ತಿಲ ಆಚೆಯೇ ನಿಂತವನು ಅವತ್ತು ಮಧ್ಯಾಹ್ನ ಒಳಗೆ ಬಂದು ಕೂತ. "ಸಣ್ಣಮ್ಮ, ಹನ್ನೊಂದ್ ವರ್ಸದಿಂದ ನಿಮ್ಮನೆ ಸಾರಿನ ವಾಸ್ನೆ ಕುಡ್ದಿವ್ನಿ. ಇವತ್ತೊಂದ್ ಮುದ್ದೆ ಇಕ್ಕವ್ವ" ಎಂದ. ಅವ್ವ ಬಡಿಸಿದಳು. ಎರಡು ಮುದ್ದೆ ನುಂಗಿ, ತಟ್ಟೆಯಲ್ಲೇ ಕೈ ತೊಳೆದು, ಎದ್ದು ನಮ್ಮ ಬಾಗಿಲನ್ನು ಒಂದು ಸಲ ಸವರಿದ. "ಇನ್ನಿದು ನನ್ ಕೈಗೂ ಬರಕಿಲ್ಲ. ಯಾರ್ ತೆಗೀತಾರ್ಲಾ ಭೂಷಣ ನಿಮ್ ಬಾಗ್ಲು?"

"ಯಾರೋ ತೆಗೀತಾರೆ ಬಿಡು. ನೀನಿಲ್ದಿದ್ರೆ ಊರಿಗೆ ಬೆಳಕಾಗಲ್ವಾ?" ಎಂದೆ.

"ಬೆಳಕೇನೋ ಆಯ್ತದೆ" ಎಂದು ಹೋದ.

ಒಂದನೇ ತಾರೀಖು ಬೆಳಕಾಯಿತು. ಬೆಳಕಾದದ್ದು ಬಿಟ್ಟರೆ ಮತ್ತೇನೂ ಆಗಲಿಲ್ಲ. ನಾನು ಸ್ವಂತ ಅಂಗಿ ಹಾಕಿಕೊಂಡು, ತಲೆ ಬಾಚಿಕೊಂಡು, ಬಾಗಿಲ ಹಿಂದೆ ನಿಂತಿದ್ದೆ. ಊರಿನ ಎಂಟೂ ಸ್ವತಂತ್ರ ಗುತ್ತಿಗೆದಾರರು ತಮ್ಮ ತಮ್ಮ ಬಾಗಿಲ ಹಿಂದೆ ಹೀಗೆಯೇ ನಿಂತಿದ್ದರಂತೆ. ಕೊಟ್ಟಿಗೆಯಲ್ಲಿ ಎಮ್ಮೆ ಅರಚತೊಡಗಿತು. ಕಿಟಕಿ ಕಿಟಕಿಗಳಿಂದ ಜನ ಕೂಗಿದರು, ಬೈದರು. ಅನಂತರಾಮು ಸಾಹೇಬರು ಬನಿಯನ್ನಿನಲ್ಲೇ ಕಿಟಕಿಯ ಸರಳು ಹಿಡಿದು "ಯಾರ್ರೀ ಅಲ್ಲಿ? ಯಾರೂ ಇಲ್ವೇನ್ರೀ?" ಎಂದು ಖಾಲಿ ಬೀದಿಗೆ ಹುಕುಂ ಮಾಡುತ್ತಿದ್ದರಂತೆ. ಎಂಟೂವರೆಯ ಬಸ್ಸು ಬರುವವರೆಗೆ ಊರಿನ ಬೀದಿಗಳಲ್ಲಿ ನಾಯಿಗಳ ಹೊರತು ಯಾರೂ ಇರಲಿಲ್ಲ. ಬಸ್ ಸ್ಟ್ಯಾಂಡಿನ ಎದುರಿಗೇ ಚಂದ್ರಮತಿಯ ಮನೆ. "ಕಂಡಕ್ಟ್ರಣ್ಣ, ಈ ಬಾಗ್ಲೊಂದ್ ನೂಕು ಬಾ" ಎಂದು ಕಿಟಕಿಯಿಂದ ಕೂಗಿದಳಂತೆ. "ಟಿಕೆಟ್ ಮಾಡ್ಸಿದೀಯೇನಮ್ಮ?" ಎಂದು ಅವನು ನಗುತ್ತಾ ಬಂದು ನೂಕಿದ.

ಹೊರಗೆ ಬಂದ ಚಂದ್ರಮತಿ ನಮ್ಮ ಬಾಗಿಲಿಗೆ ಬರಲಿಲ್ಲ. ಮೊದಲು ತನ್ನ ವಕೀಲರ ಬೀದಿ ಮುಗಿಸಿದಳು, ಆಮೇಲೆ ನನ್ನ ಐವತ್ತು ಮನೆಗಳನ್ನೂ ಮುಗಿಸಿದಳು. ಮನೆಯವರು ಕಣ್ಣೀರು ಹಾಕಿಕೊಂಡು ಐದೈದು ಗೆರೆ ಎಳೆದರಂತೆ. ಹನ್ನೊಂದು ಗಂಟೆಗೆ ನಮ್ಮ ಮನೆ ಮುಂದೆ ಬಂದು ನಿಂತಳು. ಅವ್ವ ಒಳಗಿನಿಂದ "ಬೆಳಕಾಯ್ತಾ?" ಎಂದಳು. "ಮಧ್ಯಾನ ಆಯ್ತು, ಬನ್ನಿ" ಎಂದು ನೂಕಿದಳು.

ನಾನು ಎಗರಿ ಬಿದ್ದೆ. "ನನ್ ಮನೆಗಳ್ನ ಯಾಕ್ ಮುಟ್ದೆ?"

"ಯಾರ್ ಮೊದ್ಲು ನೂಕ್ತಾರೋ ಅವರ್ದು ಅಂತ ಕಾಗ್ದದಲ್ಲೈತೆ. ನೀನೇ ಅಲ್ವಾ ಮೊದ್ಲು ಸೈನ್ ಹಾಕ್ದೋನು?"

ಕಚೇರಿಗೆ ಓಡಿದೆ. ಸಾಹೇಬರು ಹನ್ನೊಂದನೆಯ ಕಲಮಿನ ಮೇಲೆ ಬೆರಳಿಟ್ಟು ತೋರಿಸಿದರು. "ನಿಮ್ಮ ಏರ್ಪಾಡು ನಿಮ್ಮದು. ನಾನು ಹೇಳಿದರೆ ನೀವು ನೌಕರರಾಗಿಬಿಡ್ತೀರಿ. ಕಾನೂನು ಒಪ್ಪಲ್ಲ" ಎಂದರು. ಬೆಳಿಗ್ಗೆ ಸರಳು ಹಿಡಿದು ಅರಚಿದ್ದರ ಗುರುತು ಅವರ ಅಂಗೈಯಲ್ಲಿ ಇನ್ನೂ ಕೆಂಪಗಿತ್ತು.

ಆ ಸಂಜೆಯಿಂದ ಎಂಟೂ ಜನ ಸ್ವಂತ ಏರ್ಪಾಡು ಮಾಡಿಕೊಂಡೆವು. ಅಂದರೆ ನಮ್ಮ ನಮ್ಮ ಮನೆಯ ಜಗಲಿಯ ಮೇಲೆ ಹೊರಗೆ ಮಲಗಿದೆವು. ಮೊದಲು ಒಬ್ಬ ಮರಿಯಯ್ಯನಿಗೆ ಸಂಬಳ ಕೊಟ್ಟು ಮಾಡಿಸುತ್ತಿದ್ದ ಕೆಲಸವನ್ನು ಈಗ ಎಂಟು ಜನ ಪುಕ್ಕಟೆಯಾಗಿ ಮಾಡುತ್ತಿದ್ದೆವು. ಬೆಳ್ಳಂಬೆಳಿಗ್ಗೆ ನಾನು ಓಡಿಹೋಗಿ ನನ್ನ ಐವತ್ತು ಮನೆ ಹಿಡಿದೆ. ಹತ್ತು ದಿನಕ್ಕೆ ಚಂದ್ರಮತಿಯ ವಕೀಲರ ಬೀದಿಯನ್ನೂ ಹಿಡಿದೆ. ಅವಳ ಮಂಡಿ ನನ್ನ ಕಾಲಿಗೆ ಎಲ್ಲಿ ಸಮ? ವಕೀಲರ ಬೀದಿಯವರು ನಯವಾಗಿ ಕೈಯಿಡುವವರಿಗೆ ಗೆರೆ ಎಳೆಯುತ್ತಾರೆ ಎಂದು ಗೊತ್ತಾದ ಮೇಲೆ ಅಂಗೈಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದೆ. ಒಬ್ಬ ವಕೀಲರ ಹೆಂಡತಿ ಕೀಲಿನ ಸದ್ದಿಗೆ ಮೊಮ್ಮಗು ಎದ್ದಿತೆಂದು ಒಂದು ಗೆರೆ ಅಳಿಸಿದಳು. ಅವಳ ಮನೆಯ ಕೀಲಿಗೆ ನನ್ನ ಖರ್ಚಿನಲ್ಲೇ ಎಣ್ಣೆ ಬಿಟ್ಟು, ಕೈ ಮುಗಿದು, ಆ ಗೆರೆಯನ್ನು ವಾಪಸು ಪಡೆದೆ. ನನಗೆ ನಾನೇ ಯಜಮಾನನಾಗಿದ್ದೆ.

ಆದರೆ ನನ್ನ ಮನೆಯ ಬಾಗಿಲು ಹಾಕಿಯೇ ಇರುತ್ತಿತ್ತು. ನಾನು ಹೊರಗಿದ್ದೆ, ಅವ್ವ ಒಳಗಿದ್ದಳು. ಅವಳ ಅನ್ನ ತಿಂದ ನನ್ನ ಕೈಗೆ ಅದು ಬರುವ ಹಾಗಿರಲಿಲ್ಲ. ನಾನು ಜಗಲಿಯಲ್ಲೇ ಇರ್ತೀನಿ, ಬಾಗಿಲು ತೆರೆದಿಟ್ಟು ಮಲಗು ಎಂದರೆ ಅವ್ವ ಕೇಳಲಿಲ್ಲ. "ನಿಮ್ಮಪ್ಪ ಸತ್ ದಿನಾನೂ ಈ ಬಾಗ್ಲು ಹಾಕಿವ್ನಿ. ನಾಳೆ ನಿಂಗೆ ಹೆಣ್ಣು ಯಾರ್ಲಾ ಕೊಡ್ತಾರೆ?" ಎಂದಳು. ಪಕ್ಕದ ಮನೆಯ ಯಜಮಾನರನ್ನು ಕೇಳಿದೆ. ದಿನಾ ನಾನೇ ತೆರೆಯುವ ಬಾಗಿಲಿನಿಂದ ಹೊರಗೆ ಬಂದು, "ನಾವು ತೆರೆಸಿಕೊಳ್ಳೋರಪ್ಪ, ತೆರೆಯೋರಲ್ಲ" ಎಂದು ಹೇಳಿ, ಸೀಮೆಸುಣ್ಣ ಎತ್ತಿಕೊಂಡು ನಾಲ್ಕೇ ಗೆರೆ ಎಳೆದರು.

ಉಳಿದವಳು ಚಂದ್ರಮತಿ. ಮಿಕ್ಕ ಆರು ಜನ ಊರಿನ ಆ ತುದಿಯವರು, ಅವರವರ ಮನೆಗಳಿಗೇ ಅವರಿಗೆ ಪುರುಸೊತ್ತಿರಲಿಲ್ಲ. ನಾನು ಕೇಳಲು ಹೋದಾಗ ಅವಳು ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಮಂಡಿ ನೀವಿಕೊಳ್ಳುತ್ತಾ ಕೂತಿದ್ದಳು. "ವಕೀಲರ ಬೀದಿ ನಂಗ್ ಬಿಡು. ದಿನಾ ಎಲ್ಲಕ್ಕಿಂತ ಮೊದ್ಲು ನಿಮ್ಮವ್ವನ ಬಾಗ್ಲು ತೆಗೀತೀನಿ. ಒಂದ್ ಕಾಸೂ ಬ್ಯಾಡ" ಎಂದಳು.

"ಅದಾಗಲ್ಲ. ವ್ಯವಹಾರ ವ್ಯವಹಾರವೇ" ಎಂದೆ. ಸಾಹೇಬರ ಬಾಯಲ್ಲಿ ಕೇಳಿದ ಮಾತು, ನನ್ನ ಬಾಯಿಗೂ ಚೆನ್ನಾಗಿ ಹೊಂದಿತು.

"ಹಂಗಾರೆ ನಂದೂ ವ್ಯವಾರ ಕಣಪ್ಪ. ನಿಮ್ಮವ್ವಂದು ನನ್ ಲೆಕ್ಕದಲ್ಲಿ ಕಡೇ ಬಾಗ್ಲು."

ಹತ್ತು ಗಂಟೆಗೆ ಬರುತ್ತಿದ್ದಳು, ಒಂದೊಂದು ದಿನ ಹತ್ತೂವರೆ. ಬಂದವಳಿಗೆ ಅವ್ವ ಐದು ಗೆರೆ ಎಳೆಯುತ್ತಿದ್ದಳು. ಅಷ್ಟು ಹೊತ್ತಿಗೆ ಎಮ್ಮೆ ಅರಚಿ ಅರಚಿ ಸೋತಿರುತ್ತಿತ್ತು. ಅದಕ್ಕೆ ಅವ್ವನ ಕೈ ಬಿಟ್ಟು ಬೇರೆ ಕೈ ಆಗದು. ನಾನು ಒಂದು ದಿನ ತಂಬಿಗೆ ಹಿಡಿದು ಕೂತೆ. ಎಮ್ಮೆ ಒದ್ದ ಏಟಿಗೆ ತಂಬಿಗೆ ಒಂದು ಕಡೆ, ನಾನು ಒಂದು ಕಡೆ ಬಿದ್ದೆವು. ಅವ್ವ ಕಿಟಕಿಯಿಂದಲೇ ನೋಡುತ್ತಿದ್ದಳು. "ಕೈಗೆ ಎಣ್ಣೆ ಹಚ್ಕೊಂಡ್ ಹೋಗ್ಬೇಕಿತ್ತು. ವಕೀಲರ ಮನೇಗೆ ಹಚ್ಕಂಡ್ ಹೋಯ್ತೀಯಲ್ಲ" ಎಂದಳು. ಹಾಲು ಬೆಳಿಗ್ಗೆ ಏಳಕ್ಕೆ ಹೋಟೆಲಿಗೆ ಮುಟ್ಟಬೇಕು. ಹತ್ತೂವರೆಯ ಹಾಲು ಯಾರಿಗೆ ಬೇಕು? ಹೋಟೆಲಿನವನು ಬೇರೆ ಕಡೆ ಹಾಲು ಗೊತ್ತುಮಾಡಿಕೊಂಡ. ಎಮ್ಮೆಯ ಕೆಚ್ಚಲು ಬಾತು ಒಂದು ಮೊಲೆ ಗಟ್ಟಿಯಾಯಿತು. ಅವ್ವ ಬಿಸಿನೀರಿನ ಬಟ್ಟೆ ಒತ್ತುತ್ತಾ, "ಇನ್ನೊಂದ್ ಮೊಲೆ ಕೆಟ್ರೆ ಕಟುಕ್ರಿಗೆ ಕೊಡ್ಬೇಕು, ಅಷ್ಟೇಯ" ಎಂದಳು. ಅಪ್ಪ ಹೋದ ಮೇಲೆ ನನ್ನನ್ನು ಸಾಕಿದ್ದು ಆ ಎಮ್ಮೆಯ ತಾಯಿ. ಅವ್ವನಿಗೆ ಬೇರೆ ದುಡಿಮೆಯಾಗಲಿ, ಬೇರೆ ಮಾತಾಗಲಿ ಇರಲಿಲ್ಲ.

ಆಗ ನನಗೆ ಉಪಾಯ ಹೊಳೆಯಿತು. ಉಪಾಯ ಎಂದು ಈಗಲೂ ಕರೆಯುತ್ತೇನೆ, ಯಾಕೆಂದರೆ ಫಲಿಸಿತು. ಬೇರೆ ಮನೆಯ ಅನ್ನ ತಿನ್ನುವ ಕೈ ಬೇಕು ತಾನೇ? ನನ್ನ ಕೈಯನ್ನೇ ಬೇರೆ ಮನೆಯದು ಮಾಡಿಕೊಂಡರೆ ಯಾರ ಹಂಗು? ಅವತ್ತು ಅವ್ವ ಕಿಟಕಿಯ ಸರಳಿನ ಸಂದಿಯಿಂದ ರೊಟ್ಟಿ ಕೊಟ್ಟಾಗ ಬೇಡ ಎಂದೆ.

"ಯಾಕ್ಲಾ? ಹೊಟ್ಟೆ ಸರಿಯಿಲ್ವಾ?"

"ಹೋಟೆಲಲ್ಲಿ ತಿಂತೀನಿ. ಇನ್ಮೇಲೆ ದಿನಾ ಅಲ್ಲೇ."

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ರೊಟ್ಟಿ ಹಿಡಿದ ಕೈಯನ್ನು ಸರಳಿನ ಒಳಗೆ ಎಳೆದುಕೊಂಡಳು. "ಒಂದ್ ಬೀದಿ ಬಿಡಕಾಗ್ದೆ ಅನ್ನ ಬಿಟ್ಟೀಯೇನ್ಲಾ?" ಎಂದಳು.

"ನಿಂಗೋಸ್ಕರಾನೇ ಅಲ್ವಾ ಅವ್ವ? ಬಾಗ್ಲು ಹೊತ್ತಿಗ್ ಸರ್ಯಾಗಿ ತೆಗೀಬೇಕು ತಾನೇ?"

"ಆ ಹೆಂಗ್ಸು ತೆಗೀತೀನಿ ಅಂದ್ಲಲ್ಲ. ಬೀದಿ ಬಿಟ್ರೆ ಆಯ್ತಿತ್ತು."

ಬೀದಿ ಬಿಟ್ಟರೆ ಗೆರೆ ಕಡಿಮೆಯಾಗುತ್ತದೆ, ಗೆರೆ ಕಡಿಮೆಯಾದರೆ ಗುತ್ತಿಗೆ ಹೋಗುತ್ತದೆ ಎಂದು ವಿವರಿಸಿದೆ. ಸಾಹೇಬರು ವಿವರಿಸುವಷ್ಟೇ ಸಮಾಧಾನದಿಂದ ವಿವರಿಸಿದೆ. ಅವ್ವ ಪೂರ್ತಿ ಕೇಳಿಸಿಕೊಳ್ಳದೆ ಒಳಗೆ ಹೋದಳು. ರೊಟ್ಟಿಯನ್ನು ಎಮ್ಮೆಗೆ ಹಾಕಿದಳೆಂದು ಆಮೇಲೆ ತಿಳಿಯಿತು.

ದಿನಾ ಬೆಳಿಗ್ಗೆ ಎದ್ದ ಕೂಡಲೇ ಮೊದಲು ನನ್ನ ಬಾಗಿಲಿಗೆ ಕೈಯಿಟ್ಟು ನೋಡುತ್ತಿದ್ದೆ. ಗೋಡೆಯನ್ನು ನೂಕಿದ ಹಾಗೆ ಇರುತ್ತಿತ್ತು. ಬಯ್ದುಕೊಂಡು ವಕೀಲರ ಬೀದಿಗೆ ಓಡುತ್ತಿದ್ದೆ. ಮೂರು ಹೊತ್ತೂ ಹೋಟೆಲಿನ ಹುಳಿ ಸಾಂಬಾರು ತಿಂದು ಎದೆಯುರಿ ಅಂಟಿಕೊಂಡಿತು. ಯುಗಾದಿಗೆ ಅವ್ವ ಹೋಳಿಗೆ ಮಾಡಿದಳು. ಜಗಲಿಯ ಮೇಲೆ ಎಲೆಯಲ್ಲಿ ಎರಡು ಇಟ್ಟು ಒಳಗೆ ಹೋದಳು. ನಾನು ಎಲೆಯ ಪಕ್ಕದಲ್ಲಿ ಕೂತು ಬೇವು ಬೆಲ್ಲವನ್ನು ಸಹ ಮುಟ್ಟಲಿಲ್ಲ. ಒಂದು ತುತ್ತು ತಿಂದಿದ್ದರೆ ಅಷ್ಟು ದಿನದ ಉಪವಾಸವೆಲ್ಲ ಮಣ್ಣುಪಾಲಾಗುತ್ತಿತ್ತು. ಬೀದಿಯಲ್ಲಿ ಸಿಕ್ಕ ಚಂದ್ರಮತಿ, "ಏನಪ್ಪ ಗುತ್ತಿಗೆದಾರ, ಮನೇಗೆ ಯಾವಾಗ್ ನೆಂಟನಾಗ್ತೀಯಾ?" ಎಂದು ಕೇಳಿದಳು. ಅವಳಿಗೆ ಹೊಟ್ಟೆಕಿಚ್ಚು ಎಂದುಕೊಂಡೆ. ವಕೀಲರ ಬೀದಿಯಲ್ಲಿ ಆ ತಿಂಗಳು ನನಗೆ ಎಲ್ಲ ಮನೆಯಲ್ಲೂ ಐದೈದು ಗೆರೆ ಬಿದ್ದಿತ್ತು. ಸಾಹೇಬರು ಕಚೇರಿಯ ಗೋಡೆಯ ಮೇಲೆ ನನ್ನ ಹೆಸರು ಬರೆಸಿದ್ದರು, ನೌಕರರ ಸಾಲಿನಲ್ಲಲ್ಲ ಎಂದು ಕೆಳಗೆ ಸಣ್ಣ ಅಕ್ಷರದಲ್ಲಿ ನಮೂದಿಸಿ.

ಅವ್ವನೂ ಬದಲಾದಳು. ಮೊದಮೊದಲು ಉಪ್ಪಿಟ್ಟೋ ಸಾರೋ ಮಾಡಿದ ದಿನ ಹೇಳುತ್ತಿದ್ದಳು. ಆಮೇಲೆ ಹೇಳುವುದನ್ನು ಬಿಟ್ಟಳು. ಆಮೇಲೆ ಒಬ್ಬಳಿಗಾಗುವಷ್ಟೇ ಅಕ್ಕಿ ಹಾಕತೊಡಗಿದಳು. ಒಂದು ದಿನ ನನ್ನ ಕಂಚಿನ ತಟ್ಟೆಯಲ್ಲಿ ಎಮ್ಮೆಗೆ ಬೂಸಾ ಕಲಸಿಟ್ಟಿದ್ದು ಕಂಡೆ. ತಟ್ಟೆ ಸುಮ್ಮನೆ ಬಿದ್ದಿತ್ತಲ್ಲ, ಅವಳು ಮಾಡಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಯುಗಾದಿ ಕಳೆದು ಇಪ್ಪತ್ತೋ ಇಪ್ಪತ್ತೆರಡೋ ದಿನಕ್ಕೆ, ಒಂದು ಬೆಳಿಗ್ಗೆ, ಎಂದಿನಂತೆ ಎದ್ದು, ಹಾಸಿಗೆ ಸುತ್ತಿಟ್ಟು, ಬಾಗಿಲ ಮುಂದೆ ನಿಂತೆ. ಒಳಗೆ ಬಳೆಯ ಸದ್ದಾಯಿತು. ಅಂಗೈಯಿಟ್ಟೆ. ಹಲಗೆ ಸ್ವಲ್ಪ ಸಡಿಲಿಸಿದಂತಾಯಿತು. ಇಷ್ಟು ವರ್ಷದಲ್ಲಿ ಎಷ್ಟು ಸಾವಿರ ಬಾಗಿಲು ನೂಕಿದ್ದೇನೋ, ಆ ಸಡಿಲ ನನ್ನ ಅಂಗೈಗೆ ಚೆನ್ನಾಗಿ ಗೊತ್ತು. ಬೇರೆಯವರ ಮನೆಯ ಬಾಗಿಲು ಕೊಡುವ ಸಡಿಲ ಅದು. ಒಳಗಿನವಳಿಗೂ ಗೊತ್ತಾಗಿರಬೇಕು. ಬಳೆಯ ಸದ್ದು ನಿಂತಿತು.

"ಬೆಳಕಾಯ್ತಾ?" ಎಂದಳು ಅವ್ವ.

ಬಾಯಿ ತನ್ನ ಪಾಡಿಗೆ ತಾನು "ಆಯ್ತು, ಬನ್ನಿ" ಎಂದಿತು. ಕೈ ನೂಕಿತು. ಒಂಚೂರೂ ಸದ್ದಿಲ್ಲದೆ, ವಕೀಲರ ಮನೆಯ ಬಾಗಿಲಿನ ಹಾಗೆ, ತೆರೆಯಿತು.

ಅಳುತ್ತಾಳೇನೋ ಎಂದು ನೋಡಿದೆ. ಅಳಲಿಲ್ಲ. ಮುಖ ತೊಳೆದು, ಸೆರಗು ಸಿಕ್ಕಿಸಿಕೊಂಡು, ಹಾಲಿನ ತಂಬಿಗೆ ಹಿಡಿದು ಸಿದ್ಧವಾಗಿ ನಿಂತಿದ್ದಳು. ಎಲ್ಲ ಮನೆಯವರೂ ಸರಿಯುವ ಹಾಗೆ, ಮೈ ತಾಗದಂತೆ ನನ್ನ ಪಕ್ಕದಿಂದ ಸರಿದು ಹೊರಗೆ ಬಂದಳು. ಚೌಕಟ್ಟಿನ ಮೇಲಿನ ಗೂಡಿನಿಂದ ಸೀಮೆಸುಣ್ಣ ತೆಗೆದುಕೊಂಡು, ಚಂದ್ರಮತಿಯ ಹಳೆಯ ಗೆರೆಗಳನ್ನು ಸೆರಗಿನಿಂದ ಒರೆಸಿ, ಹೊಸದಾಗಿ ಗೆರೆ ಎಳೆದಳು. ಒಂದು, ಎರಡು, ಮೂರು, ನಾಲ್ಕು. ಸುಣ್ಣವನ್ನು ಗೂಡಿನಲ್ಲಿಟ್ಟು, ಕೈ ಕೊಡವಿ, ಕೊಟ್ಟಿಗೆಗೆ ಹೋದಳು.

"ನಾಲ್ಕೇನಾ?" ಎಂದೆ. ನಗುತ್ತಾ ಕೇಳಬೇಕೆಂದುಕೊಂಡಿದ್ದೆ, ಹಾಗೆ ಬರಲಿಲ್ಲ.

ಅವ್ವ ಆಗಲೇ ಎಮ್ಮೆಯ ಮಗ್ಗುಲಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಳು. ಒಂದು ಮೊಲೆ ಬತ್ತಿಹೋಗಿತ್ತು, ಉಳಿದ ಮೂರರಲ್ಲಿ ಹಾಲು ಬಂದು ತಂಬಿಗೆಗೆ ಬೀಳುವ ಸದ್ದು ಕೇಳಿಸಿತು. ತಿರುಗದೆಯೇ ಹೇಳಿದಳು: "ತಡ ಆಯ್ತು."

ಸೂರ್ಯ ಹುಟ್ಟಿ ಎರಡು ನಿಮಿಷವೂ ಆಗಿರಲಿಲ್ಲ. ಅದನ್ನು ಹೇಳಿ ಆ ಒಂದು ಗೆರೆ ವಾಪಸು ಕೇಳಬಹುದಿತ್ತು. ಆದರೆ ಅಂಗಳದಲ್ಲಿ ನಿಂತು ವಾದ ಮಾಡುವಷ್ಟು ಪುರುಸೊತ್ತು ನನಗಿರಲಿಲ್ಲ. ಇನ್ನೊಂದು ಗಳಿಗೆ ನಿಂತಿದ್ದರೆ ವಕೀಲರ ಬೀದಿಗೆ ಚಂದ್ರಮತಿ ಮೊದಲು ಮುಟ್ಟಿಬಿಡುತ್ತಿದ್ದಳು.